ಕೊಟೇಶನ್ ಸಾಹೇಬರು ಕಂಪ್ಯೂಟರು ಕೊಂಡದ್ದು

ಅಂಗಡಿಯವನು ಮೊದಲು ಎತ್ತಿಕೊಟ್ಟ ವಸ್ತುವನ್ನು ಕೊಟೇಶನ್ ಸಾಹೇಬರು ತಮ್ಮ ಜೀವಮಾನದಲ್ಲಿ ಕೊಂಡವರಲ್ಲ. ಅದು ಬೆಂಕಿಪೊಟ್ಟಣವೇ ಆಗಿರಲಿ, ಬಾಗಿಲ ಚಿಲಕವೇ ಆಗಿರಲಿ, ಅಂಗೈಯ ಮೇಲಿಟ್ಟು, ತಿರುಗಿಸಿ ಮುರುಗಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಡೆಗೆ ಬಹಳ ವಿನಯದಿಂದ ಹಿಂದಕ್ಕೆ ಕೊಟ್ಟು, “ಇನ್ನೆರಡು ತೋರ್ಸಿ” ಎನ್ನುತ್ತಿದ್ದರು. ಇನ್ನೆರಡು ಬಂದಮೇಲೆ ಮೂರನ್ನೂ ಸಾಲಾಗಿಟ್ಟು, ತುಸು ಹಿಂದೆ ಸರಿದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲುತ್ತಿದ್ದರು. ಹಿಂದೆ ನಿಂತ ಗಿರಾಕಿಗಳು ಕೆಮ್ಮುತ್ತಿದ್ದರು. ಕೆಮ್ಮಿಗೆಲ್ಲ ಜಗ್ಗುವ ಆಸಾಮಿ ಅವರಲ್ಲ. ಇಷ್ಟೆಲ್ಲ ಆಗಿ, “ಆಗಲಿ, ಇನ್ನೊಂದು ಕಡೆ ವಿಚಾರಿಸ್ಕೊಂಡು ಬರ್ತೀನಿ” ಎಂದು ಬರಿಗೈಯಲ್ಲಿ ಹೊರಟುಬಿಡುವುದೂ ಉಂಟು. ಒಮ್ಮೆ ಅವರ ಮನೆಯ ಮುಂಬಾಗಿಲ ಚಿಲಕ ಮುರಿದು, ಹೊಸದರ ಆಯ್ಕೆ ಮುಗಿಯುವತನಕ ವಾರಗಟ್ಟಲೆ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಟ್ಟು ಮಲಗುತ್ತಿದ್ದುದನ್ನು ಪಕ್ಕದ ಮನೆಯವನಾದ ನಾನು ಕಣ್ಣಾರೆ ಕಂಡಿದ್ದೇನೆ.

ಈ ಸ್ವಭಾವ ಹುಟ್ಟಿನಿಂದ ಬಂದದ್ದೋ ಉದ್ಯೋಗದಿಂದ ಅಂಟಿಕೊಂಡದ್ದೋ ಹೇಳುವುದು ಕಷ್ಟ. ಒಂದು ದೊಡ್ಡ ಆಸ್ಪತ್ರೆಯ ಖರೀದಿ ವಿಭಾಗದಲ್ಲಿ ಅವರು ಆಯುಷ್ಯ ಸವೆಸಿದರು. ಅಲ್ಲಿ ಸೂಜಿ ಕೊಳ್ಳುವುದಿದ್ದರೂ ಮೂರು ಕಡೆಯಿಂದ ಬೆಲೆ ಬರೆದ ಕೊಟೇಶನ್ ತರಿಸಬೇಕೆಂಬ ನಿಯಮವಿತ್ತು. ಉಳಿದ ಗುಮಾಸ್ತರು ಅದನ್ನು ತಲೆನೋವೆಂದು ಬಗೆದು, ಒಬ್ಬನೇ ವ್ಯಾಪಾರಿಯಿಂದ ಮೂರು ಬಗೆಯ ಕಾಗದ ತರಿಸಿಕೊಂಡು ಕೈತೊಳೆದುಕೊಳ್ಳುತ್ತಿದ್ದರೆ, ನಮ್ಮ ಸಾಹೇಬರು ಮಾತ್ರ ಅದನ್ನು ವ್ರತದಂತೆ ಪಾಲಿಸಿದರು. ರೋಗಿಗಳಿಗೆ ಹಾಸಿಗೆ ಕೊಳ್ಳುವಾಗ ಮೂರು ಮಾದರಿಗಳನ್ನು ಉಗ್ರಾಣದಲ್ಲಿ ಹಾಸಿಸಿ, ಬೂಟು ಕಳಚಿ ಒಂದೊಂದರ ಮೇಲೂ ಮಲಗಿ ನೋಡಿ, ಮೂರನೆಯದರ ಮೇಲೆ ಗೊರಕೆ ಹೊಡೆಯತೊಡಗಿದವರನ್ನು ಮೇಲಧಿಕಾರಿಯೇ ಬಂದು ಎಬ್ಬಿಸಬೇಕಾಯಿತಂತೆ. ಎದ್ದವರು ನಾಚಲಿಲ್ಲ. “ಇದೇ ಇರಲಿ ಸರ್, ಸೊಂಟ ಹಿಡೀಲಿಲ್ಲ” ಎಂದರು. ಆ ಹಾಸಿಗೆಗಳು ಬಂದಮೇಲೆ ರೋಗಿಗಳ ಬೆನ್ನುಹುಣ್ಣು ಕಡಿಮೆಯಾಯಿತೆಂದು ದಾದಿಯರು ಹೇಳುತ್ತಿದ್ದರಾದ್ದರಿಂದ, ಆ ನಿದ್ರೆ ಸಾರ್ಥಕವಾಯಿತೆಂದೇ ಒಪ್ಪಬೇಕು. ಕೊಟೇಶನ್ ಎಂಬ ಅಡ್ಡಹೆಸರು ಅಲ್ಲಿಯದೇ. ಅವರು ಮದುವೆಯಾಗದೆ ಉಳಿದದ್ದಕ್ಕೂ ಸಹೋದ್ಯೋಗಿಗಳು ಅದೇ ಕಾರಣ ಕೊಟ್ಟರು: “ಎರಡು ಸಂಬಂಧ ಬಂತು, ಮೂರನೇದು ಬರೋದ್ರೊಳಗೆ ಮೊದಲನೇ ಹುಡುಗಿಗೆ ಮಗುವಾಯ್ತು.”

ಅವರಿಗೆ ಬೂದುಬಣ್ಣದ ಒಂದು ಕೋಟು ಇತ್ತು. ಅದರ ಬಟ್ಟೆಯನ್ನು ಒಂದು ಊರಿನಲ್ಲಿ ನೋಡಿ, ಅಸ್ತರಿಯನ್ನು ಇನ್ನೊಂದು ಊರಿನಲ್ಲಿ ವಿಚಾರಿಸಿ, ಗುಂಡಿಗಳ ವಿಷಯದಲ್ಲಿ ಮತ್ತಷ್ಟು ಕಾಲ ಯೋಚಿಸಿ, ಅಂತೂ ಹೊಲಿಗೆಗೆ ಕೊಡುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಅಳತೆ ಮಾತ್ರ ಮೊದಲೇ ತೆಗೆಸಿಟ್ಟದ್ದು. ಹೀಗಾಗಿ ಅಷ್ಟು ಮುತುವರ್ಜಿಯಿಂದ ಆರಿಸಿದ ಆ ಗುಂಡಿಗಳು ಒಂದು ದಿನವೂ ಕಾಜಾದೊಳಗೆ ಸೇರಲಿಲ್ಲ. ಹೊಟ್ಟೆ ಅಷ್ಟರಲ್ಲಿ ತನ್ನ ನಿರ್ಧಾರ ತಾನು ಮಾಡಿಬಿಟ್ಟಿತ್ತು. ತೆರೆದ ಕೋಟಿನ ಎರಡು ಅಂಚುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ರಸ್ತೆಯ ಆಚೆ ಬದಿಯಲ್ಲಿ ನೆರಳು ಹೆಚ್ಚಿದೆಯೇ ಎಂದು ಪರಾಂಬರಿಸುತ್ತ ಅವರು ನಡೆದುಬರುವುದನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಆ ಕೋಟನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ಈಗ ನೆನೆದರೆ ನಗು ಬರುವುದಿಲ್ಲ.

ಮನೆಯಲ್ಲಿ ಇದ್ದವರು ಇಬ್ಬರೇ, ಸಾಹೇಬರು ಮತ್ತು ಅವರ ಅಕ್ಕ. ಅಕ್ಕ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದವರು. ನನ್ನ ಪುಸ್ತಕಗಳೂ ಅವರ ಕಣ್ಣಿನ ಕೆಳಗೆ ಹಾದುಬಂದವೇ. ಅವರ ಕೋಣೆ ಮುದ್ರಣ ಯಂತ್ರಗಳಿಗೆ ಸರಿಯಾಗಿ ಮೇಲಿತ್ತು. ಇಡೀ ದಿನ ನೆಲ ನಡುಗುತ್ತಿತ್ತು, ಮೇಜಿನ ಮೇಲಿನ ಚಹಾ ಲೋಟದಲ್ಲಿ ಅಲೆಗಳೇಳುತ್ತಿದ್ದವು, ಪಕ್ಕದಲ್ಲಿ ಕೂತವರೊಡನೆ ಕೂಗಿಯೇ ಮಾತಾಡಬೇಕಿತ್ತು. ತಂದೆತಾಯಿ ಬೇಗ ತೀರಿಕೊಂಡಮೇಲೆ ಆ ಸದ್ದಿನೊಳಗೇ ಕೂತು ಅವರು ತಮ್ಮನನ್ನು ಓದಿಸಿದರು. ಬದುಕಿಡೀ ಓದಿದ್ದೆಲ್ಲ ಬೇರೆಯವರು ಕೊಟ್ಟದ್ದು, ತಪ್ಪು ಹುಡುಕುವುದಕ್ಕಾಗಿ ಓದಿದ್ದು. ನಿವೃತ್ತಿಯಾಗಿ ಮನೆಗೆ ಬಂದ ದಿನ ತಮ್ಮನಿಗೆ ಅವರು ಹೇಳಿದ್ದು ಇಷ್ಟೆ: “ಸದ್ದು ಸಾಕಾಗ್ಹೋಗಿದೆ ಕಣೋ. ಇನ್ಮೇಲೆ ಕಿಟಕಿ ಹತ್ರ ಸುಮ್ನೆ ಕೂತ್ಕೊಂಡು, ನಂಗೆ ಬೇಕಾದ್ದನ್ನ ಓದ್ಕೊಂಡಿರ್ತೀನಿ.”

ಬೇಕಾದ್ದನ್ನು ಓದುವ ಆ ಸುಖ ಅವರಿಗೆ ಹೆಚ್ಚು ಕಾಲ ದಕ್ಕಲಿಲ್ಲ. ಓದುತ್ತಿದ್ದ ಸಾಲಿನ ನಟ್ಟನಡುವೆ ಯಾರೋ ಹೆಬ್ಬೆರಳು ಊರಿದಂತೆ ಒಂದು ಮಸುಕು ಕಾಣಿಸತೊಡಗಿತು. ಕನ್ನಡಕ ಬದಲಾಯಿಸಿದರು, ಹೆಬ್ಬೆರಳು ಕದಲಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮುಗಿಸಿ, ಇದು ಕಣ್ಣಿನ ಹಿಂದಿನ ಪೊರೆ ಸವೆಯುವ ರೋಗ, ವಾಸಿಯಾಗುವಂಥದ್ದಲ್ಲ, ನಿಧಾನವಾಗಿ ಹಬ್ಬುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಜೊತೆಗೆ ಒಂದು ದಾರಿಯನ್ನೂ ತೋರಿಸಿದರು. “ಮನೇಲೊಂದು ಕಂಪ್ಯೂಟರ್ ಇಟ್ಕೊಳ್ಳಿ. ದೊಡ್ಡ ಪರದೆ ಮೇಲೆ ಅಕ್ಷರ ಎಷ್ಟು ಬೇಕೋ ಅಷ್ಟು ಹಿಗ್ಗಿಸ್ಕೊಂಡು ಓದಬಹುದು. ಹಾಗೆ ಓದ್ತಾ ಓದ್ತಾ ಯಾವ ಕೀಲಿ ಎಲ್ಲಿದೆ, ಯಾವುದನ್ನ ಒತ್ತಿದ್ರೆ ಏನಾಗುತ್ತೆ ಅಂತ ಬೆರಳಿಗೆ ರೂಢಿ ಮಾಡ್ಸಿ. ಮುಂದೆ ಕಣ್ಣು ಪೂರ್ತಿ ಕೈಕೊಟ್ರೂ ಅದೇ ಓದಿ ಹೇಳುತ್ತೆ, ನೀವು ಯಾರನ್ನೂ ಕಾಯಬೇಕಾಗಿಲ್ಲ. ಆದ್ರೆ ಕಣ್ಣಿರುವಾಗ್ಲೇ ಕಲೀಬೇಕು. ವರ್ಷ, ಒಂದೂವರೆ ವರ್ಷ ಸಮಯ ಇದೆ ಅಂದ್ಕೊಳ್ಳಿ. ತಡ ಮಾಡ್ಬೇಡಿ.”

“ನಾಳೆಯಿಂದ್ಲೇ ಶುರು ಮಾಡ್ತೀನಿ” ಎಂದರು ಸಾಹೇಬರು. ನುಡಿದಂತೆಯೇ ಮರುದಿನ ಬೆಳಿಗ್ಗೆ ಶುರು ಮಾಡಿದರು. ಕೊಳ್ಳುವುದನ್ನಲ್ಲ, ವಿಚಾರಿಸುವುದನ್ನು.

ಪೇಟೆಯ ತಿರುವಿನಲ್ಲಿ ಒಂದು ಕಂಪ್ಯೂಟರ್ ಅಂಗಡಿಯಿತ್ತು. ಅದರ ಒಡತಿ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಅದನ್ನೇ ಹುಡುಕುವ ಹೆಂಗಸು. ವ್ಯಾಪಾರದಲ್ಲಿ ಚುರುಕು, ಮಾತಿನಲ್ಲಿ ನೇರ. ಅಕ್ಕ ಎತ್ತಿಟ್ಟಿದ್ದ ಹಣ ಎಷ್ಟೆಂದು ಸಾಹೇಬರು ಹೇಳಿದಾಗ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಆ ಮೊತ್ತಕ್ಕೆ ಸರಿಹೋಗುವ ಸಿದ್ಧ ಕಂಪ್ಯೂಟರೊಂದನ್ನು ಆಕೆ ಕೂಡಲೇ ತೋರಿಸಿದಳು. “ಓದೋಕೆ ತಾನೇ ಸರ್? ಇದು ಧಾರಾಳವಾಗಿ ಸಾಕು. ಈಗ್ಲೇ ಆಟೋದಲ್ಲಿ ಇಟ್ಕೊಂಡು ಹೋಗಿ.” ಸಾಹೇಬರು ಅದರ ಬೆನ್ನಿಗೆ ಕಿವಿಯಿಟ್ಟು ಕೇಳಿದರು. ಫ್ಯಾನು ಗುರುಗುಟ್ಟುತ್ತಿತ್ತು. “ಇದ್ರೊಳಗಿರೋದನ್ನೆಲ್ಲ ಯಾರೋ ಆರಿಸಿಟ್ಟಿದ್ದಾರೆ. ಯಾರಿಗೋಸ್ಕರ ಅಂತಲೂ ಅವ್ರಿಗೆ ಗೊತ್ತಿಲ್ಲ. ನಮ್ಮಕ್ಕನಿಗೆ ನಾನೇ ಆರಿಸ್ಬೇಕು” ಎಂದರು.

ಈ ಮಾತಿನಲ್ಲಿ ಜಂಭವಿರಲಿಲ್ಲ. ಅವರಿಗೆ ಪ್ರೀತಿಯೆಂದರೆ ಇದೇ ಆಗಿತ್ತು. ನಾಲ್ಕು ಸಿಹಿ ಮಾತಾಡಲು ಬಾರದ, ಅಕ್ಕನ ಕೈ ಹಿಡಿದು ಪಕ್ಕದಲ್ಲಿ ಕೂರಲೂ ಸಂಕೋಚಪಡುವ ಆ ಮನುಷ್ಯ, ತಮ್ಮೊಳಗಿದ್ದ ಮಮತೆಯನ್ನೆಲ್ಲ ಆರಿಸುವುದರಲ್ಲಿ ಸುರಿದರು. ಬಿಡಿಭಾಗಗಳನ್ನು ಒಂದೊಂದಾಗಿ ತಾವೇ ಆಯ್ದು, ಕಡೆಗೆ ಅಂಗಡಿಯಲ್ಲಿ ಜೋಡಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಮೊದಲು ಕೊಂಡದ್ದು ಕ್ಯಾಬಿನೆಟ್ಟು ಮತ್ತು ಫ್ಯಾನು. ಸದ್ದು ಸಾಕಾಗಿದೆ ಎಂದು ಅಕ್ಕ ಅಂದಿದ್ದರಲ್ಲ. ಒಳಮೈಗೆ ದಪ್ಪ ಮೆತ್ತೆ ಅಂಟಿಸಿದ ಕರಿಯ ಪೆಟ್ಟಿಗೆಯನ್ನೂ, ತಿರುಗುತ್ತಿದೆಯೋ ನಿಂತಿದೆಯೋ ಎಂದು ಕಿವಿಗೆ ತಿಳಿಯದಂಥ ಫ್ಯಾನನ್ನೂ ಎಲ್ಲಿಂದಲೋ ಹುಡುಕಿ ತಂದರು. ಆ ಖಾಲಿ ಪೆಟ್ಟಿಗೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಕೂತಿತು. ಅಕ್ಕ ಪ್ರತಿದಿನ ಅದರ ಧೂಳು ಒರೆಸುತ್ತಿದ್ದರು.

ಆಮೇಲೆ ಬಂದದ್ದು ಪ್ರೊಸೆಸರಿನ ಪ್ರಶ್ನೆ. ಅದು ಈ ಯಂತ್ರದ ಮಿದುಳೆಂದೂ, ಅದನ್ನು ಕೂರಿಸುವ ಹಲಗೆಯೇ ಮದರ್‌ಬೋರ್ಡೆಂದೂ, ಇಂಥ ಮಿದುಳಿಗೆ ಇಂಥದೇ ಹಲಗೆ, ಇಂಥ ಹಲಗೆಗೆ ನೆನಪು ಕೊಡುವ ಇಂಥದೇ ರ‍್ಯಾಮು ಎಂಬ ಕಟ್ಟುಪಾಡುಂಟೆಂದೂ ಸಾಹೇಬರು ಕಾಂಪೌಂಡಿನ ಗೋಡೆಯ ಮೇಲೆ ಮೊಣಕೈಯೂರಿ ನನಗೆ ಪಾಠ ಮಾಡಿದರು. ನನಗೆ ತಿಳಿದದ್ದು ಅಷ್ಟರಲ್ಲೇ ಇದೆ. ಆದರೆ ಅವರ ಮುಖದಲ್ಲಿದ್ದ ಕಳೆಯನ್ನು ನೋಡಿ ಹೂಂಗುಟ್ಟಿದೆ. ಎಲ್ಲವೂ ನಿಶ್ಚಯವಾಗಿ, ಹಣ ಕೊಡುವ ದಿನ ಅವರು ಅಂಗಡಿಗೆ ಹೋದಾಗ, ಮಾತಿನ ನಡುವೆ ಒಡತಿಯ ಬಾಯಿಂದ ಒಂದು ಸುದ್ದಿ ಜಾರಿತು: ಬರುವ ತಿಂಗಳು ಇದೇ ಬೆಲೆಗೆ ಹೊಸ ಪ್ರೊಸೆಸರು ಬರಲಿದೆ. ಕೋಟಿನ ಒಳಗೆ ಹೋಗಿದ್ದ ಸಾಹೇಬರ ಕೈ ಬರಿದಾಗಿ ಹೊರಬಂತು.

“ಬರೋದು ಬರ್ತಾನೇ ಇರುತ್ತೆ ಸರ್, ಅದಕ್ಕೆ ಕೊನೆಯಿಲ್ಲ” ಎಂದು ಆಕೆ ನಾಲಿಗೆ ಕಚ್ಚಿಕೊಂಡು ಹೇಳಿದಳು. “ಒಂದು ತಿಂಗಳು ತಾನೇ” ಎಂದರು ಇವರು.

ಆ ಒಂದು ತಿಂಗಳು ಮೂರಾಯಿತು. ಹೊಸ ಪ್ರೊಸೆಸರು ಬಂದಾಗ ಅದಕ್ಕೆ ಹಳೆಯ ಹಲಗೆ ಕೂಡುವುದಿಲ್ಲವೆಂದು ತಿಳಿಯಿತು. ಹೊಸ ಹಲಗೆಗೆ ಹಳೆಯ ಬಗೆಯ ರ‍್ಯಾಮು ಒಗ್ಗುವುದಿಲ್ಲ. ಹೊಸ ರ‍್ಯಾಮು ದುಬಾರಿ. ಆದರೆ ಇಳಿಯುವ ಲಕ್ಷಣವಿದೆ. ಸಾಹೇಬರು ಇಳಿಯಲೆಂದು ಕಾದರು. ಇಳಿಯುವ ಹೊತ್ತಿಗೆ ಮಾನಿಟರಿನ ಬಗ್ಗೆ ಅವರ ಅಭಿಪ್ರಾಯ ಬದಲಾಗಿತ್ತು, ಹೊಳಪಿನ ಪರದೆ ಅಕ್ಕನ ಕಣ್ಣಿಗೆ ಚುಚ್ಚುತ್ತದೆ, ಮಾಸಲು ಪರದೆಯೇ ಆಗಬೇಕು. ಮೂರು ಅಂಗಡಿ, ಮೂರು ಕೊಟೇಶನ್. ಒಂದು ಭಾಗ ಬದಲಾದರೆ ಮತ್ತೆ ಮೊದಲಿಂದ. ನಾನೇ ಒಂದು ದಿನ ಗೋಡೆಯೀಚೆಯಿಂದ, “ಸಾಹೇಬರೇ, ಸದ್ಯಕ್ಕೊಂದು ತಂದ್ಬಿಡಿ, ಆಮೇಲೆ ಬದಲಾಯಿಸಿದ್ರಾಯ್ತು” ಎಂದೆ. ಅವರು ನನ್ನನ್ನು ನೋಡಿದ ನೋಟದಲ್ಲಿ ಕೋಪಕ್ಕಿಂತ ವ್ಯಥೆ ಹೆಚ್ಚಿತ್ತು. “ಅಕ್ಕ ನನ್ನ ಫೀಸು ಕಟ್ಟೋವಾಗ ಸದ್ಯಕ್ಕೆ ಅಂತ ಕಟ್ಟಿರ್ಲಿಲ್ಲ” ಎಂದು ಒಳಗೆ ಹೋದರು.

ಸಾಯಂಕಾಲ ಅಂಗಡಿಗಳ ಸುತ್ತು ಮುಗಿಸಿ ಬಂದವರು ಅಂದಿನ ಸಮಾಚಾರವನ್ನೆಲ್ಲ ಅಕ್ಕನ ಮುಂದೆ ಹರಡುತ್ತಿದ್ದರು. ಅಕ್ಕ ಕೇಳುತ್ತಿದ್ದರು. ಅಪರೂಪಕ್ಕೆ, “ನಂಗೆ ಅಕ್ಷರ ದೊಡ್ಡದಾಗಿ ಕಂಡ್ರೆ ಸಾಕು ಕಣೋ” ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಒತ್ತಾಯಿಸಿದವರಲ್ಲ. ಆಸ್ಪತ್ರೆಯಿಂದ ನಿವೃತ್ತನಾದಮೇಲೆ ದಿಕ್ಕುತಪ್ಪಿದವನಂತಿದ್ದ ತಮ್ಮ ಈ ನೆವದಲ್ಲಿ ಮತ್ತೆ ಮನುಷ್ಯನಾಗಿದ್ದಾನೆ ಎಂಬುದು ಅವರಿಗೆ ಕಾಣುತ್ತಿತ್ತು. ಹಾಗಾಗಿ ಕಣ್ಣಿನ ಹೆಬ್ಬೆರಳು ಅಂಗೈಯಷ್ಟಾದಾಗ ಅವರು ಹೇಳಲಿಲ್ಲ. ಅಂಗೈ ಇಡೀ ಪುಟವನ್ನು ಮುಚ್ಚಿದಾಗಲೂ ಹೇಳಲಿಲ್ಲ. ಮನೆಯ ಮೂಲೆಮೂಲೆ ಕಾಲಿಗೆ ಪಾಠವಾಗಿದ್ದುದರಿಂದ ಎಡವುತ್ತಿರಲಿಲ್ಲ. ಕಿಟಕಿಯ ಬಳಿ ಪುಸ್ತಕ ತೆರೆದು ಕೂರುವುದನ್ನೂ, ಓದುವವರ ಲೆಕ್ಕದಲ್ಲಿ ಆಗಾಗ ಪುಟ ಮಗುಚುವುದನ್ನೂ ಬಿಟ್ಟಿರಲಿಲ್ಲ. ಬಟ್ಟೆಯ ಎಳೆಯಲ್ಲಿ ಲೋಪ ಹಿಡಿಯುತ್ತಿದ್ದ ಸಾಹೇಬರಿಗೆ ಇದು ತಿಳಿಯದೇ ಹೋಯಿತಲ್ಲ ಎಂದು ಆಶ್ಚರ್ಯಪಟ್ಟವರುಂಟು. ನನಗೆ ಆಶ್ಚರ್ಯವಿಲ್ಲ. ಅವರ ಕಣ್ಣು ಆಗ ಪೂರಾ ಪೇಟೆಯಲ್ಲಿತ್ತು.

ಡಾಕ್ಟರು ಹೇಳಿದ ಅವಧಿ ಮುಗಿಯುತ್ತ ಬಂದಿದ್ದಾಗ, ಮಾನಿಟರಿನ ಆಯ್ಕೆ ಮೂರರಿಂದ ಎರಡಕ್ಕಿಳಿದಿತ್ತು. ಇದನ್ನು ಮಾತ್ರ ಅಕ್ಕನೇ ನೋಡಿ ಹೇಳಬೇಕೆಂದು ಸಾಹೇಬರು ಅವರನ್ನು ಅಂಗಡಿಗೆ ಕರೆದುಕೊಂಡು ಹೋದರು, ನಾನೂ ಜೊತೆಗಿದ್ದೆ. ಅಕ್ಕ ತಮ್ಮನ ತೋಳು ಹಿಡಿದು ಮೆಟ್ಟಿಲು ಹತ್ತಿದರು. ಎರಡು ದೊಡ್ಡ ಮಾನಿಟರುಗಳು ಅಕ್ಕಪಕ್ಕ ಉರಿಯುತ್ತಿದ್ದವು. ಎರಡರಲ್ಲೂ ಅಂಗಡಿಯವರು ಗಿರಾಕಿಗಳಿಗೆಂದು ಹಾಕುವ ಹೂವುಗಳ ಚಿತ್ರ, ಕೆಂಪು ಹಳದಿ ಹೂವುಗಳು, ತಟ್ಟೆಯಷ್ಟಗಲದವು. ಒಡತಿ ಓದುವ ಪುಟವನ್ನು ತೆರೆಯಲೆಂದು ಮೇಜಿನ ಮೇಲೆ ಕನ್ನಡಕ ಹುಡುಕುತ್ತಿದ್ದಳು.

“ನೋಡಕ್ಕ, ಯಾವುದಿರಲಿ?” ಎಂದರು ಸಾಹೇಬರು.

ಅಕ್ಕ ಮುಖವನ್ನು ಒಂದರ ಕಡೆ ತಿರುಗಿಸಿದರು, ಆಮೇಲೆ ಇನ್ನೊಂದರ ಕಡೆ. ಕರಡು ತಿದ್ದುವ ಕಾಲದಲ್ಲಿ ಮಾಡುತ್ತಿದ್ದಂತೆ ಕತ್ತು ಮುಂದೆ ಚಾಚಿದರು. “ಎಡಗಡೇದು ಇರಲಿ ಕಣೋ. ಅಕ್ಷರ ಸ್ಪಷ್ಟವಾಗಿ ಕಾಣ್ತಿದೆ” ಎಂದರು.

ಒಡತಿ ಕನ್ನಡಕ ಹುಡುಕುವುದನ್ನು ನಿಲ್ಲಿಸಿದಳು. ಸಾಹೇಬರು ಹೂವುಗಳನ್ನು ನೋಡಿದರು, ಅಕ್ಕನ ಮುಖವನ್ನು ನೋಡಿದರು, ಕೋಟಿನ ಅಂಚುಗಳನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡರು. ಬಹಳ ಹೊತ್ತಾದ ಮೇಲೆ ಅವರ ಬಾಯಿಂದ ಹೊರಟದ್ದು, “ಆಗಲಿ ಅಕ್ಕ, ಎಡಗಡೇದೇ ಇರಲಿ.” ಅಕ್ಕನಿಗೆ ಅಷ್ಟರಲ್ಲಿ ಏನೋ ತಪ್ಪಾಗಿದೆ ಎಂದು ಆ ಮೌನದಿಂದಲೇ ತಿಳಿದಿರಬೇಕು. ತಮ್ಮನ ತೋಳನ್ನು ಹುಡುಕಿ ಹಿಡಿದುಕೊಂಡು, “ಮನೆಗೆ ಹೋಗೋಣ ಬಾ” ಎಂದರು.

ಅಕ್ಕನನ್ನು ಮನೆಗೆ ಬಿಟ್ಟುಬಂದು, ಸಾಹೇಬರು ಅಂದೇ ಎಲ್ಲವನ್ನೂ ಕೊಂಡರು. ಯಾವ ಪ್ರೊಸೆಸರು ಎಂದು ಒಡತಿ ಕೇಳಿದರೆ, “ಇರೋದು ಕೊಡಿ” ಎಂದರು. ಯಾವ ಹಲಗೆ ಎಂದರೆ, “ನೀವೇ ನೋಡಿ ಹಾಕಿ” ಎಂದರು. ಮನೆಯಿಂದ ಆ ಕರಿಯ ಪೆಟ್ಟಿಗೆಯನ್ನೂ ಫ್ಯಾನನ್ನೂ ತರಿಸಿ, ಸಂಜೆಯೊಳಗೆ ಆಕೆ ತಾನೇ ಕೂತು ಜೋಡಿಸಿಕೊಟ್ಟಳು. ಒಂದೂವರೆ ವರ್ಷದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಆ ಕಂಪ್ಯೂಟರು, ಮೊದಲ ದಿನ ಆಕೆ ತೋರಿಸಿದ್ದ ಸಿದ್ಧ ಕಂಪ್ಯೂಟರಿಗಿಂತ ಎಲ್ಲ ರೀತಿಯಲ್ಲೂ ಮೇಲಾದದ್ದು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯ ಪಕ್ಕದ ಮೇಜಿನ ಮುಂದೆ ಅಕ್ಕ ತಲೆ ಬಾಚಿಕೊಂಡು, ಶಾಲೆಗೆ ಹೊರಟವರಂತೆ ನೆಟ್ಟಗೆ ಕೂತರು. ಹೊರಗಿನ ಬಿಸಿಲು ಕೋಣೆ ತುಂಬಿತ್ತು. ಅವರಿಗೆ ಉಳಿದಿದ್ದದ್ದು ಆ ಬಿಸಿಲಿನ ಅರಿವು ಮಾತ್ರ. ಅದರ ಮುಂದೆ ಪರದೆಯ ಬೆಳಕು ಲೆಕ್ಕಕ್ಕೇ ಬರುವಂತಿರಲಿಲ್ಲ. ಸಾಹೇಬರು ಗುಂಡಿ ಒತ್ತಿದರು.

ಸ್ವಲ್ಪ ಹೊತ್ತು ಕಾದು, “ಶುರು ಮಾಡೋ” ಎಂದರು ಅಕ್ಕ.

“ಶುರುವಾಗಿದೆ ಅಕ್ಕ.”

ಅವರು ಕೈಚಾಚಿ ಪೆಟ್ಟಿಗೆಯನ್ನು ಮುಟ್ಟಿದರು. ನೆತ್ತಿ, ಪಕ್ಕೆ, ಬೆನ್ನು ಎಲ್ಲವನ್ನೂ ಸವರಿ, ಹಿಂಬದಿಯಲ್ಲಿ ಅಂಗೈಯಿಟ್ಟು ಗಾಳಿ ಬರುತ್ತಿದೆಯೇ ಎಂದು ತಡಕಿದರು. “ಸದ್ದೇ ಇಲ್ವಲ್ಲೋ. ನಡೀತಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

“ನೀನೇ ಬೇಡ ಅಂದಿದ್ಯಲ್ಲಕ್ಕ” ಎಂದರು ಸಾಹೇಬರು. ಆ ದನಿಯಲ್ಲಿ ತಕರಾರಿರಲಿಲ್ಲ.

“ಹೌದು. ಅಂದಿದ್ದೆ” ಎಂದು ಅಕ್ಕ ಕೈಯನ್ನು ಮಡಿಲಿಗೆ ತೆಗೆದುಕೊಂಡರು.

ಅಂದೇ ಸಾಹೇಬರು ಮತ್ತೆ ಅಂಗಡಿಗೆ ಹೋಗಿ, ಸದ್ದು ಮಾಡುವ ಫ್ಯಾನು ಬೇಕೆಂದು ಕೇಳಿದರಂತೆ. ಒಡತಿ ತಮಾಷೆಯೆಂದು ಮೊದಲು ನಕ್ಕು, ಆಮೇಲೆ ಅವರ ಮುಖ ನೋಡಿ ಸುಮ್ಮನಾಗಿ, ಹಳೆಯ ಸಾಮಾನಿನ ಡ್ರಾಯರಿನಿಂದ ಒಂದನ್ನು ತೆಗೆದು ಮೇಜಿನ ಮೇಲಿಟ್ಟಳು. ತಿರುಗಿಸಿ ನೋಡದೆ, ಅಲ್ಲಾಡಿಸಿ ನೋಡದೆ, ಅವರು ಅದನ್ನು ಕೋಟಿನ ಜೇಬಿಗಿಳಿಸಿಕೊಂಡು ಹೊರಟುಬಂದರು. “ಇನ್ನೆರಡು ತೋರಿಸ್ಲಾ ಸರ್?” ಎಂದು ಆಕೆಯೇ ಕೇಳಿದಳಂತೆ. ಅಷ್ಟರಲ್ಲಿ ಅವರು ಮೆಟ್ಟಿಲಿಳಿಯುತ್ತಿದ್ದರೆಂದು ಆಕೆ ನನ್ನ ಬಳಿ ಹೇಳಿ ಕಣ್ಣೊರೆಸಿಕೊಂಡಳು.

ಈಗ ನನ್ನ ಓದುವ ಕೋಣೆಯ ಗೋಡೆಯಾಚೆಯಿಂದ ಆ ಫ್ಯಾನು ಗೊರಗೊರ ಎನ್ನುವುದು ಕೇಳಿಸುತ್ತದೆ. ಅದರ ಹಿಂದೆಯೇ ಕಂಪ್ಯೂಟರಿನ ನಿರ್ಭಾವದ ದನಿ ಪುಸ್ತಕ ಓದುತ್ತದೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಅದಕ್ಕೆ ತಿಳಿಯದು. ಅಕ್ಕ ನಡುನಡುವೆ ಅದನ್ನು ಗದರಿಸುತ್ತಾರೆ. ಕೀಲಿಗಳ ಮೇಲೆ ಸಾಹೇಬರು ಗೋಂದಿನ ಚುಕ್ಕಿಗಳನ್ನಿಟ್ಟು ಬೆರಳಿಗೆ ಗುರುತು ಮಾಡಿಕೊಟ್ಟಿದ್ದಾರೆ. ಆದರೂ ನೋಡಿ ಕಲಿಯಬೇಕಾದದ್ದನ್ನು ತಡಕಿ ಕಲಿಯುವುದು ಆ ವಯಸ್ಸಿನ ಬೆರಳುಗಳಿಗೆ ಒಲಿಯಲಿಲ್ಲ. ಮೂರು ನಾಲ್ಕು ಕೀಲಿಗಳಾಚೆ ಅಕ್ಕ ಹೋಗಲಿಲ್ಲ. ಪುಸ್ತಕ ಬದಲಾಯಿಸಲು, ಹಿಂದಿನ ಅಧ್ಯಾಯಕ್ಕೆ ಹೋಗಲು, ತಾನಾಗಿ ನಿಂತದ್ದನ್ನು ಮತ್ತೆ ನಡೆಸಲು, “ಏಯ್, ಬಾರೋ ಇಲ್ಲಿ” ಎಂದು ಕರೆಯಬೇಕು. ಸಾಹೇಬರು ಬರುತ್ತಾರೆ. ಈಚೆಗೆ ಅವರು ಪೇಟೆಗೆ ಹೋಗುವುದನ್ನೇ ಬಿಟ್ಟು, ಕರೆದರೆ ಕೇಳಿಸುವಷ್ಟು ದೂರದಲ್ಲೇ ಇರುತ್ತಾರೆ. ಒಮ್ಮೆ ಗೋಡೆಯ ಬಳಿ ನಿಂತಾಗ ತಾವಾಗಿಯೇ ಹೇಳಿದರು: “ಯಾರನ್ನೂ ಕಾಯಬೇಕಾಗಿಲ್ಲ ಅಂದಿದ್ರು ಡಾಕ್ಟ್ರು. ಈಗ ನನ್ನನ್ನ ಕಾಯ್ತಾಳೆ.”

ಇಂಥವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಇವರಿಲ್ಲದಿದ್ದರೆ ಲೋಕದ ಹಾಸಿಗೆಗಳೆಲ್ಲ ಗಂಟುಗಂಟಾಗಿರುತ್ತಿದ್ದವು. ಸಿಕ್ಕಿದ್ದಕ್ಕೆ ತೃಪ್ತರಾಗುವ ನಮ್ಮಂಥವರಿಗಿಂತ ಇವರ ಕಣ್ಣು ಸೂಕ್ಷ್ಮ, ಕೈ ಶುಚಿ, ಮನಸ್ಸು ದೊಡ್ಡದು. ತಮಗಾಗಿ ಇವರು ಏನನ್ನೂ ಬಯಸುವುದಿಲ್ಲ. ತಮ್ಮವರಿಗೆ ಕೊಡುವುದು ಮಾತ್ರ ಎಲ್ಲಕ್ಕಿಂತ ಒಳ್ಳೆಯದಾಗಿರಬೇಕು. ಆ ಒಳ್ಳೆಯದು ಯಾವಾಗಲೂ ಬರುವ ತಿಂಗಳು ಬರುತ್ತದೆ. ಅಷ್ಟರವರೆಗೆ ಮನೆಯಲ್ಲಿ ಒಬ್ಬರು ಖಾಲಿ ಪೆಟ್ಟಿಗೆಯ ಧೂಳೊರೆಸುತ್ತ, ತಾವು ಕಳೆದುಕೊಳ್ಳುತ್ತಿರುವುದನ್ನು ಪ್ರೀತಿಯಿಂದಲೇ ಬಚ್ಚಿಟ್ಟುಕೊಂಡು ಕೂತಿರುತ್ತಾರೆ. ಪ್ರತಿಯೊಂದಕ್ಕೂ ಮೂರು ಕಡೆ ಬೆಲೆ ಕೇಳಿದ ಇವರು, ಕಾಯುವವರಿಗೆ ಆ ಕಾಯುವಿಕೆ ಎಷ್ಟಕ್ಕೆ ಬೀಳುತ್ತದೆಂದು ಮನೆಯಲ್ಲಿ ಒಮ್ಮೆಯೂ ಕೇಳುವುದಿಲ್ಲ.